ವಿಭೂತಿ ಹಚ್ಚಿದ ಡಬ್ಬಿ

ಶಿವರಾತ್ರಿ ಕಳೆದ ಮರುವಾರ, ಬೆಳಗಿನ ತಂಪಿನಲ್ಲೇ, ನಾವು ಹಾನಗಲ್ಲಿನಿಂದ ಹೊರಟೆವು. ನಾವೆಂದರೆ ನಾನು, ನನ್ನ ಹೆಂಡತಿ ಶಾಂತವ್ವ ಮತ್ತು ನನ್ನ ಕರಿಯ ಮೋಟಾರು. ಯುದ್ಧ ಮುಗಿದಿತ್ತು, ಆದರೆ ಪೆಟ್ರೋಲಿನ ಕೂಪನ್ನು ಮುಗಿದಿರಲಿಲ್ಲ. ಈ ಪ್ರಯಾಣಕ್ಕೆಂದೇ ನಾನು ಎರಡು ತಿಂಗಳು ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ, ಕಚೇರಿಗೆ ನಡೆದುಕೊಂಡು ಹೋಗಿ, ಕೂಪನ್ನು ಉಳಿಸಿದ್ದೆ. ಮೋಟಾರಿದ್ದೂ ನಡೆಯುವ ವಕೀಲನನ್ನು ನೋಡಿ ಪಕ್ಷಗಾರರು ನಕ್ಕಿದ್ದೂ ಆಗಿತ್ತು.

ಹಿರೇಕೆರೂರಿನಲ್ಲಿ ಶಾಂತವ್ವನ ತಮ್ಮ ಚನ್ನಪ್ಪನ ಮನೆ. ಅವನ ಹೆಂಡತಿ ನೀಲವ್ವ ಏಳು ತಿಂಗಳ ಬಸುರಿ. ಸೀಮಂತದ ಕುಬಸ ಮಾಡಿ, ಅವಳನ್ನು ಹೆರಿಗೆಗೆ ತವರೂರಾದ ತಡಸಕ್ಕೆ ಮುಟ್ಟಿಸುವ ಹೊಣೆ ನಮ್ಮದು. ಹಿಂದಿನ ವರ್ಷ ಒಂದು ಬಸಿರು ಹೋಗಿತ್ತು. ಚಕ್ಕಡಿಯ ಕುಲುಕಾಟದಿಂದ ಹಾಗಾಯಿತೆಂದು ಮನೆಯವರೆಲ್ಲ ನಂಬಿದ್ದರು. ಇದ್ದಿಲು ಉರಿಸಿ ಓಡುವ ಸರ್ವಿಸ್ ಬಸ್ಸುಗಳು ಏರು ಬಂದಲ್ಲೆಲ್ಲ ಜನರನ್ನು ಇಳಿಸಿ ನೂಕಿಸುತ್ತಿದ್ದವು. ಹೀಗಾಗಿ ನಮ್ಮ ಮೋಟಾರೇ ಗತಿ. ದಾರಿಯಲ್ಲಿ ಅದು ನಿಂತರೆ ಬಿಸಿಲಿನಲ್ಲಿ ಆ ಹುಡುಗಿಯ ಪಾಡೇನು ಎಂಬುದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ನಿಲ್ಲುವುದಿಲ್ಲವೆಂಬ ನಂಬಿಕೆ ನನಗಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಅಕ್ಕಿಆಲೂರಿನ ಹತ್ತಿರ ಎಂಜಿನ್ನು ಹಿಡಿದುಕೊಂಡು ಬಿಟ್ಟಿತ್ತು. ಎತ್ತು ಕಟ್ಟಿ ಎಳೆಸಿಕೊಂಡು ಬಂದಿದ್ದೆ. ಹುಬ್ಬಳ್ಳಿಯಲ್ಲಿ ಬಿಚ್ಚಿದವರು, ಎಣ್ಣೆ ಸೋಸುವ ಡಬ್ಬಿ ಸತ್ತು ಹೋಗಿ, ಕೊಳೆ ಎಣ್ಣೆಯೇ ತಿರುಗಿ ತಿರುಗಿ ಒಳಗನ್ನು ತಿಂದಿದೆ ಎಂದರು. ಇನ್ನೊಮ್ಮೆ ಹೀಗಾದರೆ ಗುಜರಿಗೆ ಹಾಕಬೇಕು ಎಂದೂ ಹೇಳಿದರು. ದೀಪಾವಳಿಗೆ ಬಂದ ಚನ್ನಪ್ಪ ತನ್ನ ಅಂಗಡಿಯಿಂದ ಹೊಸ ಡಬ್ಬಿ ತಂದು, ತಾನೇ ಅಂಗಿ ತೋಳು ಮಡಚಿ ಕೂಡಿಸಿಕೊಟ್ಟ. ಅವನದು ಮೋಟಾರು ಸಾಮಾನಿನ ಅಂಗಡಿ. ಹಣ ಕೊಡಹೋದರೆ, "ಅಕ್ಕನ ಗಾಡಿಗೆ ರೊಕ್ಕ ತಗೋಳ್ಳೋದ ಮಾಮಾ?" ಎಂದಿದ್ದ. ಶಾಂತವ್ವನ ಕಣ್ಣಲ್ಲಿ ನೀರು ಬಂದಿತ್ತು.

ಮೋಟಾರು ಇಲ್ಲದ ಓದುಗರಿಗೆ ಈ ಡಬ್ಬಿಯ ವಿಷಯ ಹೇಳಬೇಕು. ಬಾನೆಟ್ಟು ಎತ್ತಿದರೆ ಎಂಜಿನ್ನಿನ ಮಗ್ಗುಲಲ್ಲಿ ಹಾಲಿನ ತಂಬಿಗೆಯಷ್ಟು ದೊಡ್ಡ ತಗಡಿನ ಡಬ್ಬಿ ಕಾಣುತ್ತದೆ. ಒಂದು ಕೊಳವೆಯಿಂದ ಎಣ್ಣೆ ಒಳಗೆ ಹೋಗಿ, ಸೋಸಿಕೊಂಡು ಇನ್ನೊಂದರಿಂದ ಹೊರಗೆ ಬರಬೇಕು. ನನ್ನ ಗಾಡಿಯದು ಸುತ್ತ ಮುಚ್ಚಿದ ಜಾತಿ. ಒಳಗೆ ಏನು ತುಂಬಿದ್ದಾರೆಂದು ಒಡೆಯದೆ ನೋಡುವಂತಿಲ್ಲ, ಒಡೆದ ಮೇಲೆ ಹಚ್ಚುವಂತಿಲ್ಲ. ಹುಟ್ಟಿದಾಗಿನಿಂದ ಸಂಶಯದವನಾದ ನನಗೆ ಇಂಥ ವಸ್ತು ಗಂಟುಬಿದ್ದದ್ದು ಕರ್ಮವೇ ಸರಿ. ಪಾಟೀ ಸವಾಲಿಗೆ ಸಿಗದ ಸಾಕ್ಷಿಯನ್ನು ಯಾವ ವಕೀಲ ತಾನೇ ನಂಬಿಯಾನು?

ಚನ್ನಪ್ಪ ತಂದ ಡಬ್ಬಿಯ ಮೇಲೆ ಮೂರು ಬೆರಳಿನ ವಿಭೂತಿ ಇತ್ತು, ನಡುವೆ ಕುಂಕುಮದ ಬೊಟ್ಟು. ನಮ್ಮ ಕಡೆ ತಕ್ಕಡಿಯಾಗಲಿ ಕೂರಿಗೆಯಾಗಲಿ ಹೊಸದು ಬಂದರೆ ವಿಭೂತಿ ಹಚ್ಚದೆ ಕೈಯಿಡುವುದಿಲ್ಲ. ಯುದ್ಧ ಕಾಲದಲ್ಲಿ ಖೋಟಾ ಮಾಲು ಹೆಚ್ಚಿದಂತೆ, ಇದು ಅಸಲಿ ಎಂದು ಗಿರಾಕಿ ನಂಬಲೆಂದು, ಅಂಗಡಿಯವರೇ ಪೂಜೆ ಮಾಡಿ ಕೊಡುವ ರೂಢಿ ಬಂದಿತ್ತು. ಶಾಂತವ್ವ ಪ್ರತಿ ಅಮಾವಾಸ್ಯೆಗೆ ಬಾನೆಟ್ಟು ತೆಗೆಸಿ ಅದಕ್ಕೆ ಒಂದು ಹೂವು ಏರಿಸುತ್ತಿದ್ದಳು. ಆದರೆ ಹೊಸ ಎಣ್ಣೆ ಹಾಕಿದ ಕೆಲವೇ ದಿನಕ್ಕೆ ಅಳತೆಯ ಕಡ್ಡಿ ಎತ್ತಿದರೆ ಕಾಡಿಗೆಯಂತೆ ಕಪ್ಪು. ನನ್ನ ಅನುಮಾನ ಅಲ್ಲಿಂದ ಶುರುವಾಯಿತು.

"ನನ್ನ ತಮ್ಮ ಕೊಟ್ಟದ್ದು ಅಂತ ನಿಮಗ ಅನುಮಾನ. ಹಾಲು ತಂದ್ರ ನೀರು ಹುಡಕತೀರಿ, ನೀರು ತಂದ್ರ ಹುಳಾ ಹುಡಕತೀರಿ" ಎಂದು ಅವಳು ಸಿಟ್ಟಾದಳು. ಕೊನೆಗೆ ರಾಜಿಯಾದದ್ದು ಹೀಗೆ: ನೇರವಾಗಿ ಹಿರೇಕೆರೂರಿಗೆ ಹೋಗುವ ಬದಲು ಶಿಗ್ಗಾವಿಯ ಮಿಸ್ತ್ರಿಗೆ ಗಾಡಿ ತೋರಿಸಿ, ಅವನು ಸರಿ ಎಂದರೆ ಮುಂದಿನ ಮಾತಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕು.

ಶಿಗ್ಗಾವಿಗೆ ಇಪ್ಪತ್ತೈದು ಮೈಲಿಯಷ್ಟು ದಾರಿ. ರಸ್ತೆಯ ಮೇಲೆ ಗೋದಿ ಹಿಟ್ಟಿನಷ್ಟು ನುಣ್ಣನೆಯ ಧೂಳು. ಎದುರಿಗೆ ಹತ್ತಿಯ ಚಕ್ಕಡಿಗಳ ಸಾಲು ಬಂದಾಗಲೆಲ್ಲ ನಿಂತು ದಾರಿ ಬಿಟ್ಟೆವು. ಬಂಕಾಪುರದ ಹತ್ತಿರ ನೆರಳು ನೋಡಿ ಬುತ್ತಿ ಬಿಚ್ಚಿದೆವು. ಕಡಕ್ ರೊಟ್ಟಿ, ಅಗಸಿ ಚಟ್ನಿ, ಗಟ್ಟಿ ಮೊಸರು. ಶಾಂತವ್ವ ರೊಟ್ಟಿ ಮುರಿಯುವಾಗ ನಾನು ಬಾನೆಟ್ಟು ಎತ್ತಿ ನೋಡುತ್ತಿದ್ದೆ. "ಉಣ್ಣೂ ಮುಂದರ ಅದನ್ನ ಬಿಡ್ರಿ" ಎಂದಳು.

ಶಿಗ್ಗಾವಿಯ ಮಿಸ್ತ್ರಿಯ ಹೆಸರು ಫಕೀರಪ್ಪ. ಪುಣೆ ಬೆಂಗಳೂರು ರಸ್ತೆಯ ಬದಿಗೆ ಅವನ ತಗಡಿನ ಛಪ್ಪರ. ಮಾತೆಲ್ಲ ಜೋರು, ಹುಬ್ಬಳ್ಳಿಯಿಂದ ಹರಿಹರದವರೆಗೆ ತನ್ನಂಥ ಮಿಸ್ತ್ರಿ ಇಲ್ಲವೆಂದು ಅವನೇ ಎರಡು ಸಲ ಹೇಳಿದ. ಎಂಜಿನ್ನಿನ ಮೇಲೆ ಅಂಗೈಯಿಟ್ಟು ಚಟ್ಟನೆ ತೆಗೆದ. ಆಮೇಲೆ ಡಬ್ಬಿಯ ಮೇಲೆ ಇಟ್ಟ, ತೆಗೆಯಲೇ ಇಲ್ಲ.

"ನೋಡ್ರಿ ವಕೀಲರ, ಎಂಜಿನ್ನು ಸುಡಾಕತ್ತೇತಿ, ಡಬ್ಬಿ ತಣ್ಣಗೈತಿ. ಬಿಸಿ ಎಣ್ಣಿ ಒಳಗ ಹರದ್ರ ಡಬ್ಬಿನೂ ಬಿಸಿ ಆಗಬೇಕ್ರಿ. ಇದರಾಗ ಎಣ್ಣಿ ಹರ್ಯಾಕತ್ತಿಲ್ಲ."

"ಹಂಗಾದರ ಬಿಸಿ ಆದದ್ದೆಲ್ಲಾ ಚಲೋ ಡಬ್ಬಿ ಏನು?" ಎಂದೆ.

"ಹಂಗ ಹೇಳಾಕ ಬರೂದಿಲ್ರಿ. ಒಳಗ ಏನೂ ಇಲ್ದ ಖಾಲಿ ಡಬ್ಬೀನೂ ಬಿಸಿ ಆಕ್ಕೈತಿ."

ನನ್ನಂಥವನಿಗೆ ಇದಕ್ಕಿಂತ ಕೆಟ್ಟ ಉತ್ತರ ಬೇರೊಂದಿಲ್ಲ. ತಣ್ಣಗಿದ್ದರೆ ಕೆಟ್ಟದ್ದು ಖಾತ್ರಿ, ಬಿಸಿಯಾದರೆ ಒಳ್ಳೆಯದೆಂಬ ಖಾತ್ರಿ ಇಲ್ಲ. ಬಿಚ್ಚಿ ಅಲುಗಾಡಿಸಿ ನೋಡು, ತಗಡನ್ನು ಕೆರೆದು ನೋಡು ಎಂದೆ. ಅಲ್ಲಿಯವರೆಗೆ ಗುಡುಗುತ್ತಿದ್ದ ಫಕೀರಪ್ಪ ವಿಭೂತಿಯ ಕಡೆ ನೋಡಿ ಕೈಮುಗಿದು ಹಿಂದೆ ಸರಿದ. "ಪೂಜಿ ಆಗೇತ್ರಿ. ವಿಭೂತಿ ಮ್ಯಾಲ ಚಾಕು ಹಾಕು ಅಂದ್ರ ನಾ ಒಲ್ಲೆ" ಎಂದ. ಹೊಸದು ಕೊಡು ಎಂದರೆ ಒಳಗಿನಿಂದ ಒಂದು ತಂದ. ಅದರ ಮೇಲೂ ಅದೇ ಮೂರು ಬೆರಳು, ಅದೇ ಬೊಟ್ಟು. ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಒಬ್ಬ ಏಜೆಂಟು ಚೀಲದಲ್ಲಿ ತಂದು ಊರೂರಿಗೆ ಕೊಟ್ಟು ಹೋಗುತ್ತಾನಂತೆ, ಪೂಜೆ ಮಾಡಿಸಿಯೇ ತರುತ್ತಾನಂತೆ. ಯಾವ ದೇವರ ಮುಂದೆ ಪೂಜೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ನನ್ನ ಸಂಶಯಕ್ಕೆ ರೆಕ್ಕೆ ಬಂತು.

ರಾತ್ರಿ ಪರಿಚಯದವರೊಬ್ಬರ ಮನೆಯಲ್ಲಿ ತಂಗಿ, ಮರುದಿನ ಸವಣೂರಿಗೆ ಹೋದೆವು. ಅಲ್ಲಿ ಮಿಲ್ಟ್ರಿ ಮಾಲು ಸಿಗುತ್ತದೆಂದು ಫಕೀರಪ್ಪನೇ ಒಲ್ಲದ ಮನಸ್ಸಿನಿಂದ ಹೇಳಿದ್ದ. ದಾರಿ ಹನ್ನೆರಡು ಮೈಲಿಯ ಸುಮಾರು, ಎರೆಹೊಲಗಳ ನಡುವೆ. ಹೊತ್ತೇರಿದಂತೆ ಬಿಸಿಗಾಳಿ ಬೀಸತೊಡಗಿತು. ನವಾಬರ ಸೀಮೆಗೆ ಹೊಕ್ಕಾಗ ಸುಂಕದ ನಾಕೆಯ ಸಿಪಾಯಿ ಗಾಡಿಯೊಳಗೆ ಇಣುಕಿ, ಕುಬಸದ ಪೆಟ್ಟಿಗೆಯನ್ನು ನೋಡಿ, "ಬಸುರಿ ಎಲ್ಲಿ?" ಎಂದು ಕೇಳಿದ. ಕರೆಯಲು ಹೊರಟಿದ್ದೇವೆ ಎಂದ ಮೇಲೆ ನಕ್ಕು ಬಿಟ್ಟ. ಆ ಊರಿಗೆ ಹೆಸರಾದ ದೈತ್ಯ ದೊಡ್ಡಹುಣಸೆ ಮರಗಳನ್ನು ನೋಡಿದೆವು. ಇಷ್ಟು ಗಂಡಸರು ಕೈಕೈ ಹಿಡಿದರೆ ಬುಡ ಸುತ್ತಬಹುದು ಎಂದು ಒಬ್ಬ ಲೆಕ್ಕ ಹೇಳಿದ. ಆ ಲೆಕ್ಕವನ್ನೂ ನಾನು ಪೂರ್ತಿ ನಂಬಲಿಲ್ಲ.

ಅಂಗಡಿ ಸಿಕ್ಕಿತು, ಆದರೆ ಅದನ್ನು ಮೋಟಾರು ಸಾಮಾನಿನ ಅಂಗಡಿ ಎನ್ನುವುದು ಹೇಗೆ? ಮುಂದೆ ವೀಳ್ಯದೆಲೆಯ ಬುಟ್ಟಿಗಳು, ಹಸಿ ಗೋಣಿತಟ್ಟು, ನೀರು ಚಿಮುಕಿಸುವ ಮಗೆ. ಹಿಂದಿನ ಹಲಗೆಯ ಮೇಲೆ ಬೆಲ್ಟು, ಬಲ್ಬು, ಡಬ್ಬಿ. ಮಾಲಕ ಮಹಬೂಬ ಸಾಹೇಬ ಬಿಳಿ ಗಡ್ಡದ ಮನುಷ್ಯ. ಎಲೆಯ ಕಟ್ಟುಗಳನ್ನು, ಅಂದರೆ ಕವಳಿಗಳನ್ನು, ಎಣಿಸುತ್ತಲೇ ಮಾತಾಡಿದ. ಕೊಳೆತ ಎಲೆ ಒಂದು ಕಂಡರೂ ಎಳೆದು ಬಿಸಾಕುತ್ತಿದ್ದ.

"ಡಬ್ಬಿ ಅದಾವ್ರಿ. ಮಿಲ್ಟ್ರಿ ಲಿಲಾವಿನ್ಯಾಗ ತಂದದ್ದು. ನೋಡ್ರಿ, ಕೈಯಾಗ ತಗೊಂಡು ನೋಡ್ರಿ."

ಒಣ ಬಾಳೆಪಟ್ಟೆಯಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿದ್ದ. ಎಲೆ ಕಟ್ಟುವವರ ಕಟ್ಟು ಅದು. ಬಿಚ್ಚಿದರೆ ಬರಿಯ ಹಸಿರು ಬಣ್ಣದ ಡಬ್ಬಿ. ವಿಭೂತಿ ಇಲ್ಲ, ಕುಂಕುಮ ಇಲ್ಲ, ಒಂದು ಕಡೆ ತಗಡು ಮಡಚಿದ ಅಂಚು ಸಾಫಾಗಿ ಕಾಣುತ್ತಿತ್ತು. ಶಾಂತವ್ವ ನನ್ನ ತೋಳು ಮುಟ್ಟಿ, "ಇದಕ್ಕ ಪೂಜಿ ಆಗಿಲ್ಲ" ಎಂದಳು, ಮೆಲ್ಲಗೆಂದುಕೊಂಡೇ ಜೋರಾಗಿ.

ಸಾಹೇಬ ಕೇಳಿಸಿಕೊಂಡ. "ತಂಗೀ, ಎಲ್ಲಾರೂ ಇದನ್ನ ಅಂತಾರ. ನಮ್ಮ ಡಬ್ಬಿ ಬರೇ ಡಬ್ಬಿ ಐತವ್ವಾ. ಭಸ್ಮ ಹಚ್ಚಿದ್ದ ಬೇಕು ಅಂತಾರ ಗಿರಾಕಿ. ನಾ ಹಚ್ಚಿ ಮಾರಿದ್ರ ಅದು ಮೋಸ ಆಕ್ಕೈತಿ. ನಿಮ್ಮ ದೇವರಿಗೂ ಮೋಸ, ನಮ್ಮ ದೇವರಿಗೂ ಮೋಸ."

ಬೆಲೆ ಎಷ್ಟೆಂದರೆ ಒಂದೇ ಮಾತು ಹೇಳಿದ. ನಾನು ಇಳಿಸಲು ನೋಡಿದೆ, ಅವನು ಇಳಿಸಲಿಲ್ಲ. ಬೇಡ ಎಂದು ಎದ್ದೆ, ಕರೆಯಲೂ ಇಲ್ಲ, ಮತ್ತೆ ಬಾಳೆಪಟ್ಟೆಯಲ್ಲಿ ಸುತ್ತಿಡತೊಡಗಿದ. ಚೌಕಾಸಿ ಮಾಡದ ವ್ಯಾಪಾರಿಯನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ, ಆದ್ದರಿಂದ ಅವನ ಮೇಲೂ ಅನುಮಾನ ಬಂತು. ಎಲೆ ಮಾರುವವನಿಗೂ ಎಂಜಿನ್ನಿಗೂ ಏನು ಸಂಬಂಧ ಎಂದು ನನಗೆ ನಾನೇ ವಾದ ಹೂಡಿ, ನನ್ನ ಪರವಾಗಿಯೇ ತೀರ್ಪು ಕೊಟ್ಟುಕೊಂಡೆ. ಒಂದು ಕವಳಿ ಎಲೆ ಮಾತ್ರ ಕೊಂಡು ಹೊರಟೆವು. ಎಲೆ ಬಹಳ ಚೆನ್ನಾಗಿತ್ತು, ಒಂದೂ ಕೊಳೆತದ್ದಿರಲಿಲ್ಲ.

ಹಾವೇರಿಯಲ್ಲಿ ಚಹಾ ಕುಡಿದು ಹಿರೇಕೆರೂರಿನ ದಾರಿ ಹಿಡಿಯುವಾಗ ಬಿಸಿಲು ಇಳಿಮುಖವಾಗಿತ್ತು. ಹಂಸಭಾವಿ ಇನ್ನೂ ಕೆಲವು ಮೈಲಿ ಇದೆ ಎನ್ನುವಾಗ ಸುಟ್ಟ ಎಣ್ಣೆಯ ನಾತ ಬಂತು. ನಿಲ್ಲಿಸಿ ಬಾನೆಟ್ಟು ಎತ್ತಿದೆ. ಡಬ್ಬಿಯ ನಡುವೆ, ವಿಭೂತಿಯ ಎರಡನೆಯ ಪಟ್ಟೆಯ ಒಳಗಿನಿಂದ, ಎಣ್ಣೆ ಜಿನುಗಿ ಕೆಳಗಿಳಿದು ಬಿಸಿ ಕೊಳವೆಯ ಮೇಲೆ ಬಿದ್ದು ಹೊಗೆಯಾಡುತ್ತಿತ್ತು. ಇಷ್ಟು ದೂರ ಬಂದರೂ ಡಬ್ಬಿ ಮಾತ್ರ ಉಗುರುಬೆಚ್ಚಗೂ ಆಗಿರಲಿಲ್ಲ.

ನಾನು ತೋರಿಸುವ ಅಗತ್ಯವೂ ಇರಲಿಲ್ಲ, ಶಾಂತವ್ವ ಇಳಿದು ಬಂದು ಪಕ್ಕದಲ್ಲೇ ನಿಂತಿದ್ದಳು. ಬಹಳ ಹೊತ್ತು ಆ ಪಟ್ಟೆಗಳನ್ನೇ ನೋಡಿದಳು.

"ದೀಪಾವಳಿಯಿಂದ ಇಲ್ಲೀತನಕಾ ವಿಭೂತಿ ಮಾಸೇ ಇಲ್ಲಲ್ರೀ" ಎಂದಳು.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ದಿನಾ ಹಣೆಗೆ ಹಚ್ಚಿಕೊಳ್ಳುವ ನನಗೂ ಗೊತ್ತು, ಮಧ್ಯಾಹ್ನಕ್ಕೆ ಅದು ಬೆವರಿಗೆ ಅಳಿಸಿ ಹೋಗುತ್ತದೆ. ಅವಳು ತಂಬಿಗೆಯ ನೀರಲ್ಲಿ ಬೆರಳದ್ದಿ ಪಟ್ಟೆಯ ಮೇಲೆ ಉಜ್ಜಿದಳು. ಕರಗಲಿಲ್ಲ. ಮತ್ತೊಮ್ಮೆ ಉಜ್ಜಿದಳು.

"ಇದು ವಿಭೂತಿ ಅಲ್ಲರಿ. ಸುಣ್ಣಕ್ಕ ಅಂಟು ಕಲಿಸ್ಯಾರ."

ನಾನು ತೆಗೆಯುತ್ತೇನೆಂದು ಮುಂದೆ ಬಂದೆ. "ನೀವು ಮುಟ್ಟಬ್ಯಾಡ್ರಿ" ಎಂದು ತಡೆದಳು. ಎರಡೂ ಕೈ ಮುಗಿದು, ಕಣ್ಣುಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಂಡಳು. ಆಮೇಲೆ ತಲೆಯ ಪಿನ್ನು ತೆಗೆದು ಕೆರೆಯತೊಡಗಿದಳು. ಪಾಪಡಿ ಪಾಪಡಿಯಾಗಿ ಎದ್ದು ಬಂತು. ಅದರಡಿಗೆ ಡಬ್ಬಿಯ ಸುತ್ತ ಒರಟಾದ ಬೆಸುಗೆಯ ಗೆರೆ. ಹಳೆಯ ಡಬ್ಬಿಯನ್ನು ನಡು ಕೊಯ್ದು, ಮತ್ತೇನನ್ನೋ ತುರುಕಿ, ಬೆಸೆದು, ಬಣ್ಣ ಬಳಿದು, ಆ ಗೆರೆಯ ಮೇಲೆ ದೇವರನ್ನು ಕೂಡಿಸಿದ್ದರು. ಒಡೆದು ಹೋಗಿದ್ದ ಬೆಸುಗೆಯ ಸಂದಿಯಿಂದ ತೆಂಗಿನ ನಾರಿನ ಎಳೆಯೊಂದು ಹೊರಗೆ ಇಣುಕುತ್ತಿತ್ತು.

ಅನುಮಾನ ನಿಜವಾದರೆ ಸಂತೋಷವಾಗುತ್ತದೆಂದು ನಾನು ತಿಳಿದಿದ್ದೆ. ಆಗಲಿಲ್ಲ. "ಚನ್ನಪ್ಪಗೂ ಗೊತ್ತಿರಲಿಕ್ಕಿಲ್ಲ. ಏಜೆಂಟು ಕೊಟ್ಟದ್ದನ್ನ ನಂಬಿರಬೇಕು" ಎಂದು ನಾನೇ ಅವನ ವಕಾಲತ್ತು ವಹಿಸಿದೆ. "ಹೌದ್ರಿ, ಹಂಗ ಇರಬೇಕು" ಎಂದಳು. ಅರಿವೆ ಬಿಗಿದು ಕಟ್ಟಿ, ಜೊತೆಗೆ ತಂದಿದ್ದ ಎಣ್ಣೆಯನ್ನೆಲ್ಲ ಎಂಜಿನ್ನಿಗೆ ಹೊಯ್ದು, ಎತ್ತಿನ ನಡಿಗೆಯಲ್ಲಿ ಗಾಡಿ ನಡೆಸಿದೆ. ದೀಪ ಹಚ್ಚುವ ಹೊತ್ತಿಗೆ ಹಿರೇಕೆರೂರು ಸೇರಿದೆವು.

ಮರುದಿನ ಕುಬಸ. ಹೋಳಿಗೆ, ಕಟ್ಟಿನ ಸಾರು, ಐದು ಜನ ಮುತ್ತೈದೆಯರ ಹಾಡು. ಹಸಿರು ಸೀರೆಯುಟ್ಟು ಕುಳಿತ ನೀಲವ್ವ ತುಂಬ ಚೆಲುವಾಗಿ ಕಂಡಳು. ಚನ್ನಪ್ಪ ಓಡಾಡಿ ಎಲ್ಲರಿಗೂ ಬಡಿಸಿದ, ನನ್ನ ಹೋಳಿಗೆಗೆ ತುಪ್ಪ ಸುರಿದು, "ಮಾಮಾ, ನಾಚಬ್ಯಾಡ್ರಿ" ಎಂದ. ಇಂಥ ಹುಡುಗನೇ? ಎಂದು ನನ್ನ ಸಂಶಯಕ್ಕೇ ನಾನು ಬೈದುಕೊಂಡೆ. ಶಾಂತವ್ವ ನಗುತ್ತಲೇ ಆರತಿ ಎತ್ತಿದಳು. ಡಬ್ಬಿಯ ಮಾತು ಎತ್ತಲಿಲ್ಲ.

ಎತ್ತಿದ್ದು ಅದರ ಮರುದಿನ, ಹೊರಡುವ ಬೆಳಿಗ್ಗೆ. ಮನೆಯ ಮುಂಭಾಗವೇ ಅಂಗಡಿ. ಹಲಗೆಯ ಮೇಲೆ ಡಬ್ಬಿಗಳು ಸಾಲಾಗಿ ವಿಭೂತಿ ಧರಿಸಿ ನಿಂತಿದ್ದವು. ನೀಲವ್ವ ಒಳಗೆ ಹಿರಿಯರಿಗೆ ನಮಸ್ಕಾರ ಮಾಡುತ್ತಿದ್ದಳು. ಶಾಂತವ್ವ ತಮ್ಮನನ್ನು ಕರೆದು, ನಾನು ಗಾಡಿಯಿಂದ ಬಿಚ್ಚಿಕೊಟ್ಟಿದ್ದ ನಮ್ಮ ಹಳೆಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡೇ, ತೋರಿಸದೆ, ಹೇಳಿದಳು:

"ಚನ್ನೂ, ನಿಮ್ಮ ಮಾಮಾರ ಗಾಡಿದು ಡಬ್ಬಿ ಸೋರಾಕತ್ತೇತಿ. ಬ್ಯಾರೇದು ಹಚ್ಚಬೇಕು. ನೀಲವ್ವ ತಡಸದ ತನಕಾ ಈ ಗಾಡ್ಯಾಗ ಕುಂದ್ರಾಕಿ. ಈ ಹಲಗಿ ಮ್ಯಾಲಿಂದು ಯಾವ್ದು ಹಚ್ಚೂಣು, ನೀನ ತಗದು ಕೊಡು."

ಚನ್ನಪ್ಪನ ಕೈ ಅಭ್ಯಾಸಬಲದಿಂದ ಹಲಗೆಯ ಕಡೆ ಹೋಯಿತು. ನಡುವೆಯೇ ನಿಂತಿತು. ಒಂದು ಡಬ್ಬಿಯನ್ನು ಮುಟ್ಟಿದ, ಬಿಟ್ಟ. ಒಳಗಿನಿಂದ ನೀಲವ್ವನ ಹಸಿರು ಬಳೆಗಳ ಸದ್ದು ಬರುತ್ತಿತ್ತು. ಅವನು ನಮ್ಮಿಬ್ಬರ ಮುಖವನ್ನೂ ನೋಡದೆ, "ಒಂದೀಟು ತಡೀರಿ" ಎಂದು ಒಳಗೆ ಹೋದ. ಕಾಳು ತುಂಬುವ ಹಗೇವಿನ ಕೋಣೆಯ ಕದ ತೆರೆದ ಸದ್ದಾಯಿತು.

ಬಂದಾಗ ಅವನ ಕೈಯಲ್ಲಿ ಒಣ ಬಾಳೆಪಟ್ಟೆಯ ಕಟ್ಟು ಇತ್ತು, ಸುತ್ತ ಬಾಳೆನಾರು.

ಬಿಚ್ಚುವ ಮೊದಲೇ ನಾವಿಬ್ಬರೂ ಗುರುತು ಹಿಡಿದೆವು. ಒಳಗೆ ಬರಿಯ ಹಸಿರು ಡಬ್ಬಿ, ಸಾಫಾದ ಅಂಚು. ಶಾಂತವ್ವ ಸೆರಗು ಸರಿಸಿ, ಕೆರೆದ ನಮ್ಮ ಡಬ್ಬಿಯನ್ನು ಅದರ ಪಕ್ಕದಲ್ಲಿ ಇಟ್ಟಳು.

"ಅಕ್ಕಾ, ಮಂದಿ ವಿಭೂತಿ ಇದ್ದದ್ದ ಕೇಳತಾರ. ಸವಣೂರಿಂದು ಇಟ್ರ ಯಾರೂ ಮುಟ್ಟೂದಿಲ್ಲ. ನಾ ಏನ ಮಾಡಲಿ?" ಎಂದ ಚನ್ನಪ್ಪ.

"ಮಂದಿಗೆ ಬಿಡು" ಎಂದಳು ಅವಳು. "ನಿನ್ನ ಹೇಣ್ತಿಗೆ ಇದು. ನಿನ್ನ ಅಕ್ಕಗ ಅದು. ತಿಳೀತು ಬಿಡಪಾ."

ಅಷ್ಟರಲ್ಲಿ ನೀಲವ್ವ ಹೊರಗೆ ಬಂದಳು, ಮಾತು ಅಲ್ಲಿಗೇ ನಿಂತಿತು. ಡಬ್ಬಿಯನ್ನು ಚನ್ನಪ್ಪನೇ ಕೂಡಿಸಿದ, ಹಳೆಯ ಎಣ್ಣೆ ಬಸಿದು ಹೊಸದನ್ನೂ ಹೊಯ್ದ. ಅವನ ತಾಯಿ, ಏನೂ ಅರಿಯದ ಮುದುಕಿ, ಸೊಸೆಗೂ ಮಗಳಿಗೂ ಉಡಿ ತುಂಬಿದಳು. ಶಾಂತವ್ವ ಸೆರಗೊಡ್ಡಿ ಅಕ್ಕಿ, ಅಡಿಕೆ, ತೆಂಗಿನಕಾಯಿ ತುಂಬಿಸಿಕೊಂಡಳು, ತಾಯಿಯ ಕಾಲಿಗೆರಗಿದಳು. ತಮ್ಮನಿಗೆ, "ಬರ್ತೇನಿ" ಎಂದಳು, ಅಷ್ಟೆ. ಗಾಡಿ ತಿರುಗುವಾಗ ಕನ್ನಡಿಯಲ್ಲಿ ನೋಡಿದೆ. ಚನ್ನಪ್ಪ ಅಂಗಡಿಯ ಬಾಗಿಲಲ್ಲಿ, ನಮ್ಮ ಹಳೆಯ ಡಬ್ಬಿ ಕೈಯಲ್ಲಿ ಹಿಡಿದು ನಿಂತಿದ್ದ.

ಗಾಡಿ ಎಲ್ಲೂ ನಿಲ್ಲಲಿಲ್ಲ. ಅಕ್ಕಿಆಲೂರಿನಲ್ಲಿ ಎಂಜಿನ್ನು ಹಿಡಿದಿದ್ದ ಆ ಜಾಗದಲ್ಲಿ ನಾನೇ ನಿಲ್ಲಿಸಿ ಡಬ್ಬಿಯ ಮೇಲೆ ಕೈಯಿಟ್ಟೆ. ಸುಡುತ್ತಿತ್ತು. ಖಾಲಿ ಡಬ್ಬಿಯೂ ಸುಡುತ್ತದೆ ಎಂಬ ಮಾತು ನೆನಪಾಯಿತು, ಆದರೆ ಕಡ್ಡಿ ಎತ್ತಿ ನೋಡಿದರೆ ಎಣ್ಣೆ ಇನ್ನೂ ಜೇನುತುಪ್ಪದ ಬಣ್ಣದಲ್ಲೇ ಇತ್ತು. ಹಾನಗಲ್ಲಿನಲ್ಲಿ ರಾತ್ರಿ ಕಳೆದು, ಮರುದಿನ ಹೊತ್ತೇರುವುದರೊಳಗೆ ತಡಸ ಮುಟ್ಟಿದೆವು. ನೀಲವ್ವ ದಾರಿಯಲ್ಲಿ ಅರ್ಧ ನಿದ್ದೆ ಮಾಡಿದ್ದಳು. ಮಗಳು ನೆಟ್ಟಗೆ ಇಳಿದು ನಡೆದು ಬಂದದ್ದನ್ನು ಕಂಡು ಅವಳ ಅವ್ವ ಮೋಟಾರಿಗೇ ದೃಷ್ಟಿ ತೆಗೆದಳು. ಆಮೇಲೆ ವಿಭೂತಿಯ ಬಟ್ಟಲು ತಂದು, "ಎಲ್ಲಿ ಹಚ್ಚಲಿ?" ಎಂದು ಕೇಳಿದಳು. "ಗಾಜಿನ ಮ್ಯಾಲ ಹಚ್ಚರಿ, ಎಲ್ಲಾರಿಗೂ ಕಾಣಲಿ" ಎಂದಳು ಶಾಂತವ್ವ.

ಸಂಜೆ ನಾವಿಬ್ಬರೇ ಹಾನಗಲ್ಲಿಗೆ ಹಿಂದಿರುಗಿದೆವು. ಸವಣೂರಿಗೆ ಮತ್ತೊಮ್ಮೆ ಹೋಗಿ ಸಾಹೇಬರಿಂದ ಇನ್ನೊಂದು ಡಬ್ಬಿ ತರಬೇಕು ಎಂದೆ. ಹೂಂ ಎಂದಳು. ಮನೆ ಸೇರಿ ದೀಪ ಹಚ್ಚಿದ ಮೇಲೆ ಅವಳು ತವರಿನ ಉಡಿಯನ್ನು ಮೊರದಲ್ಲಿ ಸುರುವಿಕೊಂಡು ಕುಳಿತಳು. ತವರಿನಿಂದ ಬಂದದ್ದನ್ನು ಅವಳು ಎಂದೂ ಪರೀಕ್ಷಿಸಿದವಳಲ್ಲ, ನಾನು ಅಕ್ಕಿಯಲ್ಲಿ ಹರಳು ತೋರಿಸಿದರೆ ಜಗಳವಾಡುತ್ತಿದ್ದವಳು. ಈಗ ತೆಂಗಿನಕಾಯಿಯನ್ನು ಕೈಗೆತ್ತಿಕೊಂಡಳು. ನಾನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿ ನೋಡಿದಳು.